ಕೋಟೆ ಹತ್ತಿದ ಕಡಸು

ಗಾಲ್ವೇ ಸೀಮೆಯ ನಮ್ಮೂರಿನಲ್ಲಿ ಅಟ್ರಾಕ್ಟಾಳ ಹೊಲದ ನಡುವೆ ಐನೂರು ವರ್ಷದ ಕೋಟೆಯೊಂದಿದೆ. ಕೋಟೆ ಎಂದರೆ ಒಂಟಿ ಕಲ್ಲುಗೋಪುರ. ಮಾಡು ಬಿದ್ದುಹೋಗಿ ಕಾಗೆಗಳು ಸೇರಿಕೊಂಡಿವೆ. ಮೇ ತಿಂಗಳ ಒಂದು ಬೆಳಿಗ್ಗೆ ಅವಳ ಕೆಂಪು ಕಡಸು ಅದರ ಸುರುಳಿ ಮೆಟ್ಟಿಲು ಹತ್ತಿ, ಮೊದಲ ಅಂತಸ್ತಿನಲ್ಲಿ ನಿಂತು ಅರಚತೊಡಗಿತು. ದನ ಮೆಟ್ಟಿಲು ಹತ್ತೀತು, ಇಳಿಯಲೊಲ್ಲದು.

ನಾನು ಪಕ್ಕದ ಹೊಲದವನು. ಹಗ್ಗ ಹಿಡಿದು ಹೋಗುವಷ್ಟರಲ್ಲಿ ಮ್ಯಾಲಕಿ ಮೇಷ್ಟ್ರು ಆಗಲೇ ಬಂದಿದ್ದರು. ಕೆಲಸದಿಂದ ನಿವೃತ್ತರಾದ ಮೇಲೆ ಸುತ್ತಲಿನ ಕೋಟೆಗಳ ಚರಿತ್ರೆಯೇ ಅವರ ಉಸಿರು.

"ಈ ಮೆಟ್ಟಿಲು ಬಲಕ್ಕೇ ಯಾಕೆ ತಿರುಗುತ್ತೆ ಗೊತ್ತೇನಮ್ಮಾ? ಮೇಲಿರೋನಿಗೆ ಕತ್ತಿ ಬೀಸೋಕೆ ಜಾಗ ಸಿಗಲಿ ಅಂತ."

"ಮೇಷ್ಟ್ರೇ, ಮೇಲಿರೋದು ನನ್ನ ಕಡಸು. ಅದಕ್ಕೆ ಕತ್ತಿ ಬೇಡ, ದಾರಿ ಬೇಕು" ಎಂದಳು ಅಟ್ರಾಕ್ಟಾ.

ಎಳೆದೆವು, ತಳ್ಳಿದೆವು, ಓಟ್ಸ್ ತೋರಿಸಿ ಪುಸಲಾಯಿಸಿದೆವು. ನನ್ನ ಮೊಣಕಾಲಿಗೆ ಒಂದು ಒದೆ ಬಿತ್ತು.

"ದನಗಳ್ಳರ ಕಾಟ ಇದ್ದಾಗ ದನಾನೆಲ್ಲ ಕೋಟೆ ಅಂಗಳಕ್ಕೆ ತಂದು ಕೂಡಿಹಾಕ್ತಿದ್ರು" ಎಂದರು ಮೇಷ್ಟ್ರು.

"ಅಂಗಳಕ್ಕೆ ತಾನೇ? ಮಹಡಿಗಲ್ಲವಲ್ಲ?" ಎಂದಳು ಅವಳು.

ಆ ಅಂತಸ್ತಿನ ಪಡುವಣ ಗೋಡೆ ಒಡೆದು ದೊಡ್ಡದಾಗಿ ಬಾಯಿ ಬಿಟ್ಟಿದೆ. ಹೊರಗಡೆ ಒಣಹುಲ್ಲು ಸುತ್ತಿದ ದೊಡ್ಡ ಉರುಳೆಗಳನ್ನು ಪೇರಿಸಿ ಅಲ್ಲಿಂದಲೇ ಇಳಿಸೋಣ ಎಂದೆ. ಮೇಷ್ಟ್ರು ಅಡ್ಡ ನಿಂತರು.

"ಅದು ದಂಡೆತ್ತಿ ಬಂದ ಕ್ರಾಮ್‌ವೆಲ್‌ನ ಫಿರಂಗಿ ಒಡೆದ ಗೋಡೆ ಕಣಯ್ಯಾ. ಒಂದು ಕಲ್ಲು ಉದುರಿದರೂ ಚರಿತ್ರೆ ಹಾಳಾದ ಹಾಗೆ."

ಅಟ್ರಾಕ್ಟಾಳ ತಾಳ್ಮೆ ಮುಗಿಯಿತು. "ಯಾವ ಫಿರಂಗೀನೂ ಇಲ್ಲ. ನಮ್ಮ ತಾತ ಹಂದಿ ಕೊಟ್ಟಿಗೆ ಕಟ್ಟೋಕೆ ಅಂತ ಕಲ್ಲು ಕಿತ್ಕೊಂಡಿದ್ದು. ಅನುಮಾನ ಇದ್ರೆ ಕೊಟ್ಟಿಗೆ ಬಾಗಿಲು ನೋಡಿ ಬನ್ನಿ. ಕೆತ್ತನೆ ಕಲ್ಲು ಅಲ್ಲೇ ಇದೆ."

ಮೇಷ್ಟ್ರ ಮುಖ ಸಣ್ಣದಾಯಿತು. ಇಷ್ಟು ವರ್ಷ ಬಂದವರಿಗೆಲ್ಲ ಫಿರಂಗಿಯ ಕಥೆ ಹೇಳಿದವರು ಅವರೇ. ಸೀದಾ ಕೊಟ್ಟಿಗೆಯತ್ತ ನಡೆದರು.

ಅವರು ಅತ್ತ ಹೋದದ್ದೇ ತಡ, ನಾನು ಟ್ರ್ಯಾಕ್ಟರ್ ತಂದು ಉರುಳೆಗಳನ್ನು ಮೆಟ್ಟಿಲಿನಂತೆ ಪೇರಿಸಿದೆ. ಅಟ್ರಾಕ್ಟಾ ಒಳಗಿನಿಂದ ಅಟ್ಟಿದಳು. ಕಡಸು ಅಂಚಿನಲ್ಲಿ ನಿಂತು ಮೂಸಿ ನೋಡಿ, ಅರ್ಧ ಜಾರುತ್ತ ಅರ್ಧ ನೆಗೆಯುತ್ತ ನೆಲಕ್ಕೆ ಬಂದು, ಏನೂ ಆಗಿಲ್ಲವೆಂಬಂತೆ ಮೇಯಲು ಹೋಯಿತು.

ಆಗ ಮೇಷ್ಟ್ರು ಮೊಣಕಾಲವರೆಗೂ ಕೆಸರು ಮಾಡಿಕೊಂಡು, ಮಕ್ಕಳಂತೆ ಹಿಗ್ಗುತ್ತ ಬಂದರು. "ಅಟ್ರಾಕ್ಟಾ, ಆ ಬಾಗಿಲ ಚೌಕಟ್ಟು ಪೂರ್ತಿ ಕೋಟೇದೇ. ದ್ರಾಕ್ಷಿ ಬಳ್ಳಿ ಕೆತ್ತಿದ್ದಾರೆ. ಭಾನುವಾರ ನಮ್ಮ ಚರಿತ್ರೆ ಸಂಘದೋರನ್ನೆಲ್ಲ ಕರ್ಕೊಂಡು ಬರ್ತೀನಿ."

"ಒಳಗೆ ಹಂದಿಗಳಿವೆ."

"ಒಂದು ದಿನ ಅವನ್ನ ಬೇರೆ ಕಡೆ ಕೂಡಿಹಾಕಮ್ಮಾ."

ಅವಳು ಮನೆಯತ್ತ ನಡೆದಳು. ಹೊಸ್ತಿಲಲ್ಲಿ ಬೂಟು ಕಳಚುತ್ತ, "ಒಳಗೆ ಬನ್ನಿ, ಟೀ ಕುಡೀರಿ" ಎಂದಳು. "ಆದ್ರೆ ಲೋಟ ಖಾಲಿಯಾಗೋವರೆಗೂ ಬಾಯಿ ಬಿಡಕೂಡದು."