ಏಳನೇ ಪ್ರಶ್ನೆಯ ನೀಲಿ ಡಬ್ಬಿ

ನಾನು ಬರೆಯುವ ಪ್ರತಿಯೊಂದು ಪ್ರಶ್ನಾವಳಿಯಲ್ಲೂ ಒಂದು ಸುಳ್ಳು ಇರುತ್ತದೆ. ಅದನ್ನೂ ಸೇರಿಸಿಯೇ ನನಗೆ ಸಂಬಳ ಕೊಡುತ್ತಾರೆ. ಹತ್ತು ವೆಬ್‌ಸೈಟುಗಳ ಹೆಸರು ಕೊಟ್ಟು, ಯಾವುದರಿಂದ ಏನಾದರೂ ತರಿಸಿಕೊಂಡಿದ್ದೀರಿ ಎಂದು ಕೇಳುವಾಗ, ಆ ಹತ್ತರಲ್ಲಿ ಒಂದು ಲೋಕದಲ್ಲೇ ಇಲ್ಲದ್ದಾಗಿರುತ್ತದೆ. ಅದಕ್ಕೂ ಹೌದು ಅಂದವರು ಬಂಡಲ್ ಬಿಡುತ್ತಿದ್ದಾರೆ ಎಂದರ್ಥ. ಅವರ ಹಾಳೆ ಕಸದ ಬುಟ್ಟಿಗೆ. ಆಫೀಸಿನಲ್ಲಿ ನಾವು ಇದನ್ನು ಬಲೆ ಅನ್ನುತ್ತೇವೆ. ಬಲೆ ಯಾವ ಸಾಲಿನಲ್ಲಿದೆ ಎಂದು ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವರಿಗೂ ಹೇಳುವಂತಿಲ್ಲ. ಅದು ನನಗೆ ಮತ್ತು ನಮ್ಮ ಮ್ಯಾನೇಜರಿಗೆ ಮಾತ್ರ ಗೊತ್ತಿರಬೇಕು.

ಈ ಸಲದ ಕೆಲಸ ಕೊಟ್ಟವರು ವೆಬ್‌ಸೈಟುಗಳ ಹೆಸರನ್ನು ನೋಂದಾಯಿಸಿಕೊಡುವವರ ಸಂಘದವರು. ಯಾವುದೇ ವೆಬ್‌ಸೈಟಿನ ಹೆಸರು ಟೈಪ್ ಮಾಡಿದರೆ ಅದು ಯಾರದು, ಎಂದಿನಿಂದ ಇದೆ ಎಂದು ತೋರಿಸುವ ಒಂದು ಪುಟವನ್ನು ಅವರು ನಡೆಸುತ್ತಾರೆ. ಜನಕ್ಕೆ ಅಂಥದ್ದೊಂದು ಇದೆ ಎಂದು ಗೊತ್ತಿದೆಯೇ, ಮಾಲೀಕರ ಹೆಸರು ಕಂಡರೆ ನಂಬಿಕೆ ಹೆಚ್ಚುತ್ತದೆಯೇ, ಇದು ಅವರಿಗೆ ತಿಳಿಯಬೇಕಿತ್ತು. ನನಗೂ ತಿಳಿಯಬೇಕಿತ್ತು. ಯಾರು ಯಾರನ್ನು ಯಾಕೆ ನಂಬುತ್ತಾರೆ ಎನ್ನುವುದು ನನಗೆ ಎಂದೂ ಬಗೆಹರಿಯದ ಕುತೂಹಲ.

ಪ್ರಶ್ನೆ ಬರೆದ ಮೇಲೆ ಮೊದಲು ನಾನು ಅದನ್ನು ಓದಿ ಹೇಳುವುದು ನಮ್ಮತ್ತೆಗೆ. ಅವರು ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಲೋ ನನ್ನ ಗಂಡನ ಅಂಗಿಗೆ ಹೊಲಿಗೆ ಹಾಕುತ್ತಲೋ ಉತ್ತರ ಕೊಡುತ್ತಾರೆ. ‘ಖರೀದಿಗೆ ಮುನ್ನ ವೆಬ್‌ಸೈಟಿನ ಮಾಲೀಕರು ಯಾರೆಂದು ಪರಿಶೀಲಿಸಿದ್ದೀರಾ?’ ಎಂದು ಓದಿದೆ. ಹೋ, ಪ್ರತಿಸಲ ಪರಿಶೀಲಿಸುತ್ತೇನೆ ಅಂದರು. ಹೇಗೆ ಅಂತ ಕೇಳಿದೆ.

“ಕೆಳಗಡೆ ಫೋನ್ ನಂಬರ್ ಇರತ್ತಲ್ಲ, ಅದಕ್ಕೆ ಮಾಡ್ತೀನಿ. ಯಾರಾದ್ರೂ ಎತ್ತಿದ್ರೆ ಇಟ್ಬಿಡ್ತೀನಿ. ಎತ್ತಿದ್ರಲ್ಲ, ಸಾಕು.”

ನಾನು ಎರಡು ದಿನ ಕೂತು ಚೆಂದ ಮಾಡಿದ್ದ ಆ ಪ್ರಶ್ನೆ ಅಲ್ಲೇ ಮಣ್ಣು ಮುಕ್ಕಿತು. ಅದನ್ನು ಒಡೆದು ಮೂರು ಮಾಡಬೇಕಾಯಿತು: ಏನು ನೋಡಿದಿರಿ, ಎಲ್ಲಿ ನೋಡಿದಿರಿ, ನೋಡಿ ಏನು ಮಾಡಿದಿರಿ. ನಮ್ಮತ್ತೆ ಇಲ್ಲದಿದ್ದರೆ ನನ್ನ ಅರ್ಧ ಸರ್ವೆಗಳು ನಗೆಪಾಟಲಾಗುತ್ತಿದ್ದವು. ಅದನ್ನು ನಾನು ಆಫೀಸಿನಲ್ಲಿ ಎಂದೂ ಹೇಳಿಲ್ಲ.

ಹತ್ತು ವೆಬ್‌ಸೈಟುಗಳ ಹೆಸರಿರುವ ಏಳನೇ ಪ್ರಶ್ನೆಗೆ ಬಲೆ ಬೇಕಿತ್ತು. ಮೇಜಿನ ಮೇಲೆ ಅತ್ತೆಯ ಸೂಜಿದಾರ ಇರುವ ನೀಲಿ ಬಣ್ಣದ ತಗಡಿನ ಡಬ್ಬಿ ಇತ್ತು. ಯಾವ ಕಾಲದಲ್ಲೋ ಬಿಸ್ಕತ್ತು ತುಂಬಿಕೊಂಡು ಬಂದಿದ್ದು. ‘ನೀಲಿಡಬ್ಬಿ’ ಎಂದು ಬರೆದೆ. ಅದು ಯಾರದು ಎಂದು ಅತ್ತೆ ಕೇಳಿದರು. ಯಾರದೂ ಅಲ್ಲ, ನಾನೇ ಹುಟ್ಟಿಸಿದ್ದು ಅಂದೆ. ಮಾರನೆಯ ದಿನ ಆಫೀಸಿನ ನಮೂನೆಯಲ್ಲಿ ‘ಬಲೆಯ ಹೆಸರು ಬೇರೆಲ್ಲೂ ಇಲ್ಲವೆಂದು ಪರಿಶೀಲಿಸಲಾಗಿದೆ’ ಎಂಬ ಚೌಕದಲ್ಲಿ ಟಿಕ್ ಹಾಕಿ ಸಹಿ ಮಾಡಿದೆ.

ಆರು ಜನ ಹೊರಟು ಆರುನೂರು ಮನೆ ಮುಗಿಸಿದರು. ಐದು ಜನರ ಹಾಳೆಗಳಲ್ಲಿ ನೀಲಿಡಬ್ಬಿಗೆ ಬಿದ್ದದ್ದು ಒಂದೋ ಎರಡೋ ಟಿಕ್. ಆರನೆಯವರ ನೂರು ಹಾಳೆಗಳಲ್ಲಿ ಹದಿನಾಲ್ಕು.

ಆ ಆರನೆಯವರು ದೊಡ್ಡಕ್ಕ. ಇಪ್ಪತ್ತೆರಡು ವರ್ಷದಿಂದ ನಮ್ಮ ಸರ್ವೆಗಳಿಗೆ ಮೆಟ್ಟಿಲು ಹತ್ತಿ ಇಳಿದವರು. ಮ್ಯಾನೇಜರಿಗಿಂತ ಮೊದಲೇ ಕೆಲಸಕ್ಕೆ ಸೇರಿದ್ದರಿಂದ ಮ್ಯಾನೇಜರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಾರೆ. ಈ ವರ್ಷ ಮಂಡಿ ಕೈಕೊಟ್ಟಿದೆ. ಮ್ಯಾನೇಜರು ಕೂಡಿಸಿ ಕಳೆದು ನೋಡಿದ್ದು ಇಷ್ಟೇ: ಮೆಟ್ಟಿಲು ಹತ್ತಲಾರದೆ ಎಲ್ಲೋ ಬೆಂಚಿನ ಮೇಲೆ ಕೂತು ಹಾಳೆ ತುಂಬಿಸಿದ್ದಾರೆ. ಹಾಗೆಂದು ಖಚಿತವಾದರೆ ನಮ್ಮಲ್ಲಿ ನಿಯಮ ಒಂದೇ. ನೂರೂ ಹಾಳೆ ರದ್ದು, ಅವರ ಹೆಸರು ಪಟ್ಟಿಯಿಂದ ಔಟು, ಊರಿನ ಉಳಿದ ಸರ್ವೆ ಕಂಪನಿಗಳಿಗೂ ಒಂದು ಸಾಲಿನ ಸೂಚನೆ. ಆಮೇಲೆ ಅವರಿಗೆ ಯಾರೂ ಕೆಲಸ ಕೊಡುವುದಿಲ್ಲ.

ಶುಕ್ರವಾರ ಅವರನ್ನು ಕರೆಸಿದರು. ಬಲೆಯ ಸಾಲು ಯಾವುದೆಂದು ಹೇಳುವಂತಿಲ್ಲವಾದ್ದರಿಂದ ಮ್ಯಾನೇಜರು ಹಾಳೆಗಳ ಮೇಲೆ ಅನುಮಾನ ಇದೆ ಎಂದಷ್ಟೇ ಹೇಳಿದರು. ಯಾವ ಹಾಳೆ, ಯಾವ ಪ್ರಶ್ನೆ ಎಂದು ದೊಡ್ಡಕ್ಕ ಕೇಳಿದರು. ಅದನ್ನು ಹೇಳಲಾಗುವುದಿಲ್ಲ ಅಂದರು. ದೊಡ್ಡಕ್ಕ ನನ್ನ ಕಡೆ ನೋಡಿದರು. ನಾನು ಪೆನ್ನಿನ ಕ್ಯಾಪ್ ನೋಡಿಕೊಂಡೆ.

“ನಾನು ಕೇಳ್ದೆ, ಅವ್ರು ಹೇಳಿದ್ರು, ನಾನು ಬರ್ಕೊಂಡೆ,” ಅಂದರು. “ಇಪ್ಪತ್ತೆರಡು ವರ್ಷದಿಂದ ಇಷ್ಟೇ ಮಾಡಿರೋದು.”

ಅವರು ಹೋದ ಮೇಲೆ ಮ್ಯಾನೇಜರು, ಬಲೆ ನಿಮ್ಮದು, ಸೋಮವಾರ ದೊಡ್ಡಕ್ಕನ ಮೇಲಿನ ಟಿಪ್ಪಣಿಯನ್ನೂ ನೀವೇ ಬರೆದುಕೊಡಿ ಅಂದರು. ನಿಜ ಹೇಳಬೇಕೆಂದರೆ ಆಗ ನನಗೆ ದೊಡ್ಡಕ್ಕನ ಮೇಲೆ ಸಿಟ್ಟೇ ಬಂದಿತ್ತು. ಇಷ್ಟು ಒಳ್ಳೆಯ ಸರ್ವೆಯನ್ನು ಹಾಳು ಮಾಡಿದರಲ್ಲ ಎಂದು. ಆದರೆ ಸಿಟ್ಟಿನ ಅಡಿಯಲ್ಲೇ ಒಂದು ಕುತೂಹಲ ಗುಂಯ್‌ಗುಡುತ್ತಿತ್ತು. ಕಳ್ಳಲೆಕ್ಕ ಬರೆಯುವವರು ಹತ್ತೂ ಸಾಲಿಗೆ ಸಮನಾಗಿ ಟಿಕ್ ಹಂಚುತ್ತಾರೆ. ಇಲ್ಲಿ ಉಳಿದ ಒಂಬತ್ತು ಸಾಲು ಬೇರೆಯವರ ಹಾಳೆಗಳಂತೆಯೇ ಇದ್ದವು. ನೀಲಿಡಬ್ಬಿ ಮಾತ್ರ ಎದ್ದು ನಿಂತಿತ್ತು. ಹೆಸರು ವಿಳಾಸ ಇರುವ ಮೊದಲ ಪುಟಗಳನ್ನು ಆಫೀಸಿನಲ್ಲೇ ಬಿಟ್ಟು, ಹದಿನಾಲ್ಕು ಹಾಳೆಗಳನ್ನು ಮನೆಗೆ ತಂದೆ.

ಭಾನುವಾರ ಬೆಳಿಗ್ಗೆ ಅವನ್ನು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಹರಡಿದೆ. ಹಾಳೆಗಳ ಮೇಲಿನ ಸಂಖ್ಯೆಯ ಪ್ರಕಾರ ಹದಿನಾಲ್ಕೂ ಒಂದೇ ಬಡಾವಣೆಯ ಮೂರು ಕಟ್ಟಡಗಳವು. ಉತ್ತರ ಕೊಟ್ಟವರೆಲ್ಲ ಅರವತ್ತು ದಾಟಿದವರು. ಮುಂಭಾಗದಲ್ಲಿ ಟಿಕ್‌ಗಳನ್ನು ಬಿಟ್ಟರೆ ಬೇರೇನಿಲ್ಲ. ಅಷ್ಟರಲ್ಲಿ ಅತ್ತೆ ಒಂದು ಹಾಳೆ ಎತ್ತಿಕೊಂಡು ತಿರುಗಿಸಿದರು. ಔಷಧಿ ಡಬ್ಬಿಯೊಳಗಿನ ಚೀಟಿಯ ಎರಡೂ ಬದಿ ಓದುವ ಜಾತಿ ಅವರು.

“ಈಕೆ ಅಕ್ಷರ ದುಂಡಗಿದೆ ನೋಡು,” ಅಂದರು.

ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಎರಡು ಸಾಲು ಇದ್ದವು. ‘ನೀಲಿಡಬ್ಬಿ — ಹಳೇ ಕೋಟಿಗೆ ಗುಂಡಿ ತರಿಸಿದ್ದು. ನಾಲ್ಕು ಕೇಳಿದರೆ ಐದು ಕಳಿಸಿದರಂತೆ. ಕೋಟು ತಂದು ತೋರಿಸಿದರು.’ ಇನ್ನೊಂದು ಹಾಳೆ ತಿರುಗಿಸಿದೆ. ‘ಸ್ವೆಟರಿನ ಮರದ ಗುಂಡಿ. ಬಣ್ಣ ಸ್ವಲ್ಪ ಬೇರೆ. ಪರವಾಗಿಲ್ಲ ಅಂದರು.’ ಹದಿನಾಲ್ಕು ಹಾಳೆಗಳ ಹಿಂದೆಯೂ ಗುಂಡಿ. ನಮ್ಮಲ್ಲಿ ಹಾಳೆಗಳನ್ನು ಕಂಪ್ಯೂಟರಿಗೆ ಹಾಕುವವರು ಮುಂಭಾಗವನ್ನಷ್ಟೇ ನೋಡುತ್ತಾರೆ. ನಾನೂ ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾದರೂ ಒಂದು ಹಾಳೆಯನ್ನೂ ತಿರುಗಿಸಿದವಳಲ್ಲ.

ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ಕತೆ ಕಟ್ಟುವವರು ಗುಂಡಿಯನ್ನೂ ಕಟ್ಟಬಹುದು. ಆಗ ಅತ್ತೆ ಕೇಳಿದರು:

“ಅಲ್ಲಮ್ಮಾ, ಅಂಥದ್ದೊಂದು ಇಲ್ಲ ಅಂತ ನೀನು ನೋಡಿದ್ಯಾ?”

ನಾನು ನೋಡಿರಲಿಲ್ಲ. ನಾನೇ ಹುಟ್ಟಿಸಿದ ಹೆಸರು ಬೇರೆಯವರಿಗೆ ಹೇಗೆ ಹೊಳೆದೀತು ಎಂಬ ಜಂಬದಲ್ಲಿ ಚೌಕಕ್ಕೆ ಟಿಕ್ ಹಾಕಿ ಕೈತೊಳೆದುಕೊಂಡಿದ್ದೆ. ಯಾವ ಪುಟದ ಬಗ್ಗೆ ಆರುನೂರು ಮನೆಯ ಬಾಗಿಲು ತಟ್ಟಿಸಿದ್ದೆನೋ ಆ ಪುಟದಲ್ಲಿ ನಾನೇ ಒಮ್ಮೆಯೂ ಹೆಸರು ಟೈಪ್ ಮಾಡಿ ನೋಡಿರಲಿಲ್ಲ.

ಮೊಬೈಲ್ ತೆಗೆದು ಟೈಪ್ ಮಾಡಿದೆ. ನೀಲಿಡಬ್ಬಿ ಇತ್ತು. ನೋಂದಣಿಯಾಗಿ ಆರು ವರ್ಷ. ಮಾಲೀಕರ ಹೆಸರು, ವಿಳಾಸ: ಕೋರಿಕೆಯ ಮೇರೆಗೆ ಮರೆಮಾಡಲಾಗಿದೆ. ಸೈಟು ತೆರೆದರೆ ಒಂದೇ ಪುಟ. ಅದರಲ್ಲಿ ನಮ್ಮ ಮೇಜಿನ ಮೇಲಿದ್ದಂಥದೇ ತಗಡಿನ ಡಬ್ಬಿಯ ಫೋಟೋ, ಒಳಗೆ ಬಗೆಬಗೆಯ ಗುಂಡಿ. ಕೆಳಗೆ ಒಂದು ಫೋನ್ ನಂಬರು. ಹೆಸರಿಲ್ಲದ ಮಾಲೀಕರನ್ನು ನಂಬುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದಾಗ ಅತ್ತೆ ನಂಬರಿನ ಮೇಲೆ ಬೆರಳಿಟ್ಟರು.

ಮೂರನೇ ರಿಂಗಿಗೆ ಒಬ್ಬ ಹೆಂಗಸು ಎತ್ತಿದರು. ನಾನು ಇಡಲಿಲ್ಲ. ಅವರು ಮೊದಲು ಕೇಳಿದ್ದು ಎಷ್ಟು ತೂತಿನ ಗುಂಡಿ, ಎರಡೋ ನಾಲ್ಕೋ ಎಂದು. ನಲವತ್ತು ವರ್ಷ ದರ್ಜಿಯಾಗಿದ್ದವರಂತೆ. ಕಣ್ಣು ಮಂಜಾದ ಮೇಲೆ ಹೊಲಿಗೆ ಬಿಟ್ಟರು, ಗುಂಡಿಗಳು ಉಳಿದವು. ಕಳೆದುಹೋದ ಗುಂಡಿಯ ಜೊತೆಯದನ್ನು ಫೋಟೋ ತೆಗೆದು ಕಳಿಸಿದರೆ ಅಂಥದನ್ನೇ ಹುಡುಕಿ ಕಳಿಸುತ್ತಾರೆ. ಗಿರಾಕಿಗಳು ಹೆಚ್ಚಾಗಿ ಎದುರಿನ ಮೂರು ಕಟ್ಟಡದ ವಯಸ್ಸಾದವರು. ಆ ಮೂರು ಕಟ್ಟಡ ಯಾವ ಬಡಾವಣೆಯವು ಎಂದು ಕೇಳಿದೆ. ದೊಡ್ಡಕ್ಕ ಹಾಳೆ ತುಂಬಿಸಿದ್ದ ಬಡಾವಣೆಯೇ. ಹೆಸರು ಯಾಕೆ ಮುಚ್ಚಿಟ್ಟಿದ್ದೀರಿ ಎಂದು ತಡೆಯಲಾರದೆ ಕೇಳಿದೆ.

“ಮುಂಚೆ ತೆರೆದೇ ಇಟ್ಟಿದ್ದೆ ಕಣಮ್ಮ. ಅಲ್ಲಿ ಹೆಸರು ನೋಡಿ ದಿನಾ ಹತ್ತು ಜನ ಫೋನ್ ಮಾಡಿ, ವೆಬ್‌ಸೈಟ್ ಮಾಡ್ಕೊಡ್ತೀವಿ, ವೆಬ್‌ಸೈಟ್ ಮಾಡ್ಕೊಡ್ತೀವಿ ಅಂತ ಪ್ರಾಣ ತಿಂದ್ರು. ಇಲ್ಲಿಯವ್ರಿಗೆಲ್ಲ ನಾನು ಯಾರು ಅಂತ ಗೊತ್ತಲ್ಲ.”

ಫೋನಿಟ್ಟೆ. ನಾಚಿಕೆಯಾಯಿತು. ಬರೇ ನಾಚಿಕೆಯಲ್ಲ, ಭಯವೂ ಆಯಿತು. ಸೋಮವಾರ ಬೆಳಿಗ್ಗೆ ಬರೆಯಬೇಕಿದ್ದ ಟಿಪ್ಪಣಿಯ ಮೊದಲ ವಾಕ್ಯ ಆಗಲೇ ನನ್ನ ತಲೆಯಲ್ಲಿ ಸಿದ್ಧವಿತ್ತು. ಅತ್ತೆ ಹಾಳೆಗಳನ್ನು ಒಟ್ಟು ಮಾಡಿ ಅಂಚು ಸರಿಪಡಿಸಿ ನನ್ನ ಮುಂದಿಟ್ಟರು. ಬೈಯಲಿಲ್ಲ.

ಸೋಮವಾರ ಟಿಪ್ಪಣಿ ಬರೆದುಕೊಟ್ಟೆ. ಬಲೆಯಲ್ಲಿ ಬಿದ್ದವರು ಯಾರೂ ಸುಳ್ಳು ಹೇಳಿದ್ದಕ್ಕೆ ಸಾಕ್ಷಿಯಿಲ್ಲ, ಈ ಸರ್ವೆಯಲ್ಲಿ ಖಚಿತವಾಗಿ ಸಿಕ್ಕಿರುವ ಸುಳ್ಳು ಟಿಕ್ ಒಂದೇ, ಅದು ಪರಿಶೀಲನೆಯ ಚೌಕದಲ್ಲಿ ನಾನು ಹಾಕಿದ್ದು ಎಂದು ಬರೆದಿದ್ದೆ. ಮ್ಯಾನೇಜರು ಎರಡು ಸಲ ಓದಿದರು. ಮುಂದಿನ ಮೂರು ಸರ್ವೆಗಳ ಬಲೆಯನ್ನು ನಾನು ಬರೆಯುವಂತಿಲ್ಲ ಅಂದರು. ಸಂಘದವರಿಗೆ ನಾನೇ ಫೋನ್ ಮಾಡಿ ತಪ್ಪೊಪ್ಪಿಕೊಳ್ಳಬೇಕು ಅಂದರು. ದೊಡ್ಡಕ್ಕನ ನೂರೂ ಹಾಳೆ ಉಳಿದವು.

ಮಧ್ಯಾಹ್ನ ದೊಡ್ಡಕ್ಕ ಮುಂದಿನ ಸರ್ವೆಯ ಹಾಳೆ ತೆಗೆದುಕೊಂಡು ಹೋಗಲು ಬಂದರು. ಮ್ಯಾನೇಜರ ಅಪ್ಪಣೆ ಪಡೆದು ಅವರಿಗೆ ಎಲ್ಲವನ್ನೂ ಹೇಳಿದೆ: ಬಲೆ, ಡಬ್ಬಿ, ಗುಂಡಿಯ ಹೆಂಗಸು, ನನ್ನ ಟಿಕ್. ತಪ್ಪಾಯಿತು ಅಂದೆ. ಅವರು ಕುರ್ಚಿ ಎಳೆದು ಮಂಡಿ ನೀವಿಕೊಳ್ಳುತ್ತ ಕೇಳಿಸಿಕೊಂಡರು. ಕೋಪ ಬರಬಹುದೆಂದು ಕಾದಿದ್ದೆ. ಅವರಿಗೆ ತಿಳಿಯಬೇಕಿದ್ದದ್ದೇ ಬೇರೆ.

“ಹಾಗಾದ್ರೆ ಹಾಳೆ ಹಿಂದೆ ನಾನು ಬರೆಯೋದನ್ನ ಇಷ್ಟು ವರ್ಷ ಯಾರೂ ಓದ್ತಿರ್ಲಿಲ್ವಾ?”

ಸುಳ್ಳು ಹೇಳುವ ಧೈರ್ಯವಿರಲಿಲ್ಲ. ಇಲ್ಲ ಅಂದೆ. ನಿನ್ನೆ ನಮ್ಮತ್ತೆ ಓದಿದರು ಎಂದು ಸೇರಿಸಿದೆ.

“ಏನಂದ್ರು?”

“ಐದನೇ ಗುಂಡಿ ಯಾಕೆ ಕಳಿಸಿದ್ರು ಅಂತ ಕೇಳ್ತಿದ್ರು.”

“ನಾನೂ ಕೇಳ್ದೆ. ಇನ್ನೊಂದು ಸಲ ಕಳ್ಕೊಂಡ್ರೆ ಇರ್ಲಿ ಅಂತ ಕಳಿಸಿದ್ರಂತೆ. ಬರೆಯೋಕೆ ಜಾಗ ಸಾಲ್ಲಿಲ್ಲ.”

ಅವರು ನಿಧಾನವಾಗಿ ಎದ್ದು, ಹೊಸ ಹಾಳೆಗಳ ಕಟ್ಟನ್ನು ಚೀಲಕ್ಕೆ ಹಾಕಿಕೊಂಡರು. ಮೇಲಿನ ಹಾಳೆಯನ್ನು ತಿರುಗಿಸಿ ಬಿಳಿಯ ಬದಿಯನ್ನು ಒಮ್ಮೆ ನೋಡಿದರು. ಬಾಗಿಲ ಬಳಿ ನಿಂತು, ಸೂಚನೆ ಕೇಳುವ ಹೊಸಬರ ಹಾಗೆ ಕೇಳಿದರು:

“ಈ ಸಲ ಹಿಂದೆ ಬರೀಲಾ ಮೇಡಂ, ಬೇಡ್ವಾ?”

ಬರೀರಿ ದೊಡ್ಡಕ್ಕ ಅಂದೆ.