ಗಾಳಿ ಹಾಕಿಸಲು ಹೋಗುತ್ತಿದ್ದವರು

ಮಾಸ್ತರ ಹೆಂಡತಿ ಕತ್ತರಿ ಹಿಡಿದು ನಾಲ್ಕನೇ ಹೊಲಿಗೆ ಬಿಚ್ಚುತ್ತಿದ್ದಾಗ ಮಗಳು ಹಿಂಬಾಗಿಲಿಗೆ ಬಂದಳು.

"ಅಮ್ಮಾ, ಒಳಗೆ ಅಪ್ಪನ್ನ ನೋಡೋಕೆ ಜನ ಬಂದಿದ್ದಾರೆ. ನೀನು ಸೈಕಲ್ ಮುಂದೆ ಕೂತಿದ್ದೀಯಲ್ಲ."

"ಸೈಕಲ್ ಅಲ್ಲ, ಇದು." ಕ್ಯಾರಿಯರ್‌ಗೆ ಹೊಲಿದು ಕಟ್ಟಿದ್ದ ಮೆತ್ತೆಯನ್ನು ಅವಳು ತೋರಿಸಿದಳು. "ಯಾರಿಗೆ ಹೊಲಿದಿದ್ದು ಅಂತ ಕೇಳು ನಿಮ್ಮಪ್ಪನ್ನ."

ಕೇಳುವ ಕಾಲ ನಿನ್ನೆ ಮಧ್ಯಾಹ್ನವೇ ಮುಗಿದಿತ್ತು. ತಮ್ಮ ಹೊಲಿಗೆ ಅಂಗಡಿಯಲ್ಲಿ ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದ ಮಾಸ್ತರು ಮಿಷಿನ್ ಮೇಲೆ ತಲೆಯಿಟ್ಟು ಮತ್ತೆ ಏಳಲಿಲ್ಲ. ಟೇಪು ಹಿಡಿಯದೆ ಬಟ್ಟೆ ಕತ್ತರಿಸುತ್ತಿದ್ದ ಅವರು ಎಲ್ಲರಿಗೂ ಕಣ್ಣಳತೆ ಮಾಸ್ತರು. ಅಳತೆ ಒಮ್ಮೆಯೂ ತಪ್ಪಿದ್ದಿಲ್ಲ. ಹೆಂಡತಿಯ ಸಂಕಟವೂ ಅದೇ. ಮೆತ್ತೆ ಅವಳ ಅಳತೆಯದಲ್ಲ, ನಾಲ್ಕು ಬೆರಳು ಅಗಲ ಹೆಚ್ಚು.

ಒಳಗೆ ಬಂದು ಗಂಡನ ಪಕ್ಕ ಕೂತ ಮೇಲೂ ಅವಳ ಕಣ್ಣು ಸುಮ್ಮನಿರಲಿಲ್ಲ. ಅಳುತ್ತ ಬಂದ ಹೆಂಗಸರು ತಿರುಗಿ ಹೋಗುವಾಗ ಅವರ ಹಿಂಭಾಗವನ್ನೇ ನೋಡುತ್ತಿದ್ದಳು. ಗುಂಡಿ, ದಾರ ಮಾರುವಾಕೆ ತೀರಾ ಸಣಕಲು. ಮೂಲೆಮನೆ ನರ್ಸಮ್ಮ ಆ ಮೆತ್ತೆಯ ಮೇಲೆ ಅರ್ಧವೂ ಕೂರಲಾರಳು.

ಕೆರೆ ದಂಡೆ ರಸ್ತೆಯ ಟೀ ಅಂಗಡಿಯವನು ಕೈಮುಗಿದು ನಿಂತ.

"ದಿನಾ ಸಂಜೆ ಬರೋರು ಮಾಸ್ತರು. ಮೊದಲು ಅಕ್ಕನ ಕೈಗೆ ಕೊಡಪ್ಪ, ಸಕ್ಕರೆ ಹಾಕಬೇಡ ಅನ್ನೋರು."

"ಯಾವ ಅಕ್ಕ?"

ಅವನು ತಡವರಿಸಿದ. "ಹಿಂದೆ ಕೂರಿಸ್ಕೊಂಡು ಬರ್ತಿದ್ರಲ್ಲ... ಅವರ ಸ್ವಂತ ಅಕ್ಕ ಅಂದ್ಕೊಂಡಿದ್ದೆ."

"ಅವರು ಒಬ್ಬರೇ ಮಗ. ಅಕ್ಕನೂ ಇಲ್ಲ, ತಂಗಿನೂ ಇಲ್ಲ."

ಟೀಯವನು ಮೆಲ್ಲಗೆ ಜಾರಿಕೊಂಡ. ಅಕ್ಕನಂತೆ! ಊರ ಬಾಯಿ ಮುಚ್ಚಿಸಲು ಎಂಥ ಹೆಸರು ಹುಡುಕಿದ್ದಾರೆ ಎಂದು ಅವಳು ಹಲ್ಲು ಕಚ್ಚಿದಳು.

*

ಎರಡು ವರ್ಷದಿಂದ ಸಂಜೆ ಐದಾದರೆ ಮಾಸ್ತರದು ಒಂದೇ ಮಾತು. "ಸೈಕಲ್‌ಗೆ ಗಾಳಿ ಹಾಕಿಸ್ಕೊಂಡು ಬರ್ತೀನಿ."

"ದಿನಾ ಗಾಳಿ ತುಂಬೋಕೆ ಅದೇನು ಸೈಕಲ್ಲೋ ಬಲೂನೋ?" ಎಂದರೆ ನಕ್ಕು ಹೋಗುತ್ತಿದ್ದರು.

ಒಂದು ದಿನ ಅವಳು ಹಿಂದೆಯೇ ಹೋದಳು. ದಂಡೆಯ ಮೇಲೆ ಗಾಳಿ ಕಣ್ಣು ತೆರೆಯಗೊಡುತ್ತಿರಲಿಲ್ಲ. ಬೀದಿದೀಪಗಳು ಆಗಷ್ಟೇ ಹತ್ತಿದ್ದವು. ದೂರದಲ್ಲಿ ಮಾಸ್ತರು ಎದುರುಗಾಳಿಗೆ ಬಗ್ಗಿ ಪೆಡಲ್ ತುಳಿಯುತ್ತಿದ್ದರು. ಹಿಂದೆ ಬೂದು ಶಾಲು ಹೊದ್ದ ಒಬ್ಬ ಹೆಂಗಸು. ಮನೆಯಲ್ಲಿ ಹತ್ತು ಮಾತಾಡದ ಮನುಷ್ಯ ತಿರುಗಿ ತಿರುಗಿ ಏನೋ ಕೂಗಿ ಹೇಳುತ್ತಿದ್ದರು. ಆ ಹೆಂಗಸಿನ ಭುಜ ನಗುವಿಗೆ ಕುಲುಕುತ್ತಿತ್ತು. ಮುಖ ಮಾತ್ರ ಕಾಣಲಿಲ್ಲ.

ಕೇಳಿದರೆ ಎಲ್ಲಿ ನಿಜ ಹೇಳಿಬಿಡುತ್ತಾರೋ ಎಂಬ ಭಯಕ್ಕೆ ಅವಳು ಕೇಳಲೇ ಇಲ್ಲ.

*

ಶವಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದಾಗ ಬೀದಿಯ ತಿರುವಿನಲ್ಲಿ ಬೂದು ಶಾಲು ಕಾಣಿಸಿತು. ಕೋಲೂರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಬರುತ್ತಿದ್ದಳು.

"ಅಮ್ಮಾ," ಮಗಳು ಪಿಸುಗುಟ್ಟಿದಳು, "ದೊಡ್ಡಮ್ಮ."

ಮಾಸ್ತರ ಹೆಂಡತಿಯ ಒಡಹುಟ್ಟಿದ ಅಕ್ಕ. ಹನ್ನೊಂದು ವರ್ಷದ ಹಿಂದೆ ತಾಯಿ ಸತ್ತಾಗ ಅಕ್ಕ ಸುದ್ದಿ ಕಳಿಸಿದ್ದು ತಡವಾಗಿ. ತಂಗಿ ತಲುಪುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು. ಇನ್ನು ಈ ಮನೆಯಲ್ಲಿ ಅವಳ ಹೆಸರೆತ್ತಿದರೆ ನನ್ನ ಹೆಣ ನೋಡ್ತೀರಿ ಎಂದು ಗಂಡನಿಗೆ ಹೇಳಿದ್ದಳು. ಪಾಪ, ಅವರು ಹೆಸರೆತ್ತಿರಲಿಲ್ಲ.

"ಮಂಡಿ ಪೂರ್ತಿ ಹೋಗಿದೆ ಕಣೆ," ಅಕ್ಕ ಏದುಸಿರು ಬಿಟ್ಟಳು. "ದಿನಾ ಅವರೇ ತಿರುಗಾಡಿಸೋರು. ಟೀಯವನು ಬಂದು ಹೇಳಿದ. ನಡ್ಕೊಂಡೇ ಬಂದೆ. ಒಂದ್ಸಲ ಮುಖ ನೋಡ್ಲಾ?"

"ಹೊತ್ತಾಯ್ತು, ಬಾಗಿಲು ಹಾಕ್ಲಾ?" ಎಂದ ವ್ಯಾನಿನವನು.

ಹೂಂ ಎನ್ನುವುದು ಸುಲಭವಾಗಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಏನು ಹೇಳ್ತಿದ್ರು ನಿನಗೆ, ಅಷ್ಟೊಂದು ಕೂಗಿ?" ಅವಳು ಇನ್ನೂ ನಂಬದೆ ಕೇಳಿದಳು.

"ನಿನ್ನ ವಿಷಯವೇ. ನೀನು ಬೈದಿದ್ದನ್ನೆಲ್ಲ ನಿನ್ನ ದನೀಲೇ ಬೈದು ತೋರಿಸೋರು. ಇವತ್ತೇನಂದ್ಲು ಅಂತ ನಾನೇ ದಿನಾ ಕೇಳ್ತಿದ್ದೆ."

ಅವಳು ವ್ಯಾನಿನವನ ಕಡೆ ತಿರುಗಿದಳು. "ಕೆಳಗಿಳಿಸಿ."

ಪೆಟ್ಟಿಗೆಯನ್ನು ರಸ್ತೆಯ ಮೇಲಿಟ್ಟರು. ಬಗ್ಗಲಾರದ ಅಕ್ಕನ ಕಂಕುಳಿಗೆ ಕೈಕೊಟ್ಟು ಕೂರಿಸಿ, ಗಂಡನ ಮುಖದ ಮೇಲಿನ ಬಟ್ಟೆ ಸರಿಸಿದಳು. ನೀರಿನ ಕಡೆಯಿಂದ ಬೀಸಿದ ಗಾಳಿ ಅದನ್ನು ಎತ್ತಿ ಮತ್ತೆ ಮುಖಕ್ಕೇ ಹಾಕಿತು. ಒಂದು ತುದಿಯನ್ನು ಅಕ್ಕ ಒತ್ತಿ ಹಿಡಿದಳು, ಇನ್ನೊಂದನ್ನು ತಂಗಿ. ವ್ಯಾನಿನವನು ಎರಡು ಸಲ ಹಾರ್ನ್ ಹೊಡೆದರೂ ಇಬ್ಬರೂ ಕೈ ಬಿಡಲಿಲ್ಲ.