ಮೈಕಿನಲ್ಲಿ ಸದಾನಂದನ ತಿಂಡಿಪಟ್ಟಿ

೧
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮೊದಲ ಸಾಲಿನಲ್ಲೇ ಮಿದುಳಿನ ಗಡ್ಡೆ ಅಂದರೆ ಪುಟ ಮಗುಚಿಬಿಡುತ್ತೀರಿ. ನಾನಾದರೂ ಹಾಗೇ ಮಾಡುತ್ತಿದ್ದೆ. ಅದಕ್ಕೇ ಮೈಲಾಪೂರಿನ ಹೋಟೆಲೊಂದರ ಸಪ್ಲೈಯರ್ ಸದಾನಂದನಿಂದ ಶುರು ಮಾಡಿದೆ. ಅವನೇ ತಡೆದ.

"ನನ್ನದೆಂತ ಕಥೆ ಮಾರಾಯ್ರೆ? ಮಗಳದ್ದು ಬರೀರಿ."

೨
(ಬರೆದೆ.) ದೀಕ್ಷಿತಾ, ಏಳು ವರ್ಷ, ಎರಡನೇ ಕ್ಲಾಸು. ಅಪ್ಪ ಉಡುಪಿ ಕಡೆಯ ಕನ್ನಡದಲ್ಲಿ ಕೇಳಿದರೆ ಇವಳ ಉತ್ತರ ತಮಿಳಿನಲ್ಲಿ. ಈ ವರ್ಷ, ೨೦೦೩ರಲ್ಲಿ, ಆಪರೇಷನ್ ಮಾಡಿ ಗಡ್ಡೆ ತೆಗೆದರು. ಕಣ್ಣಿಗೆ ಕಾಣದೆ ಉಳಿದಿರಬಹುದಾದ್ದಕ್ಕೆ ವಾರಕ್ಕೆ ಐದು ದಿನದಂತೆ ಆರು ವಾರ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೋ ಇಂಜೆಕ್ಷನ್. ಎರಡೂ ಯಾಕೆ ಎಂದು ಸದಾನಂದ ಕೇಳಿದ್ದ. ಇನ್ನೂ ಬೆಳೆಯುವ ಮಿದುಳು, ಕೀಮೋ ಜೊತೆಗಿದ್ದರೆ ರೇಡಿಯೇಷನ್ ಸ್ವಲ್ಪ ಕಡಿಮೆ ಕೊಡಬಹುದು ಎಂದರು ಡಾಕ್ಟರು.

೩
ಆದರೆ ಮುಖಕ್ಕೆ ಬಲೆಯಂಥ ಮುಖವಾಡ ಬಿಗಿಸಿಕೊಂಡು, ಒಬ್ಬಳೇ, ಕಾಲು ಗಂಟೆ ಅಲುಗಾಡದೆ ಮಲಗಬೇಕು. ಅಲುಗಾಡಿದರೆ ನಾಳೆಯಿಂದ ದಿನಾ ಅರಿವಳಿಕೆ, ಅದಕ್ಕಾಗಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆ. ಮಗು ಮೊದಲೇ ಹದಿನಾರು ಕಿಲೋಗೆ ಇಳಿದಿತ್ತು.

೪
ಮೊದಲ ಕರಡಿನಲ್ಲಿ ಅವಳು ನಗುತ್ತಾ ಮಲಗಿದಳು. ಹೊಡೆದುಹಾಕಿದೆ. ಅಂಥ ಮಕ್ಕಳು ನನ್ನಂಥ ಕಥೆಗಾರರ ಹತ್ತಿರ ಮಾತ್ರ ಸಿಗುತ್ತಾರೆ. ಮೊದಲ ದಿನ ಅವಳು ಅತ್ತಳು, ಒದ್ದಾಡಿದಳು. ಮೆಷಿನ್ ನಡೆಸುವ ಸುಗುಣಾ ಹೊರಗಿನ ಕೋಣೆಯಲ್ಲಿ ಸದಾನಂದನ ಕೈಗೆ ಮೈಕು ಕೊಟ್ಟು, ಏನಾದರೂ ಮಾತಾಡಿ ಎಂದಳು. ಇಪ್ಪತ್ತು ವರ್ಷ ಆಡಿದ ಮಾತೇ ಅವನ ಬಾಯಿಗೆ ಬಂತು. "ಇಡ್ಲಿ, ವಡೆ, ಪೊಂಗಲ್, ಪೂರಿ, ಮಸಾಲೆ, ಆನಿಯನ್ ರವಾ..." ಟಿವಿ ಪರದೆಯಲ್ಲಿ ಪುಟ್ಟ ಕಾಲುಗಳು ಸುಮ್ಮನಾದವು. ಸುಗುಣಾ ಮೆಷಿನ್ ಶುರು ಮಾಡಿದಳು. ಪಟ್ಟಿ ಮುಗಿಯಿತು. ಅಭ್ಯಾಸಬಲ ನೋಡಿ, "ಎಂತ ಕೊಡ್ಲಿ?" ಎಂದುಬಿಟ್ಟ.

ದೀಕ್ಷಿತಾ ಕೈ ಎತ್ತಿದಳು. ಮೆಷಿನ್ ನಿಲ್ಲಿಸಬೇಕಾಯಿತು.

"ಸಾರ್, ಕೇಳ್ವಿ ಮಟ್ಟುಂ ಕೇಕ್ಕಾದೀಂಗ," ಎಂದಳು ಸುಗುಣಾ. ಪ್ರಶ್ನೆ ಮಾತ್ರ ಕೇಳಬೇಡಿ, ಇನ್ನೊಂದೇ ಸಲ ನೋಡೋಣ.

ಆಮೇಲೆ ಆ ಪಟ್ಟಿಯನ್ನು ಎಷ್ಟು ಸಲ ಹೇಳಿದನೋ, ಪ್ರಶ್ನೆ ಕೇಳಲಿಲ್ಲ. ಅವಳು ಅಲುಗಾಡಲಿಲ್ಲ. ಹೊರಗೆ ಬಂದಾಗ ಕೆನ್ನೆ ತುಂಬಾ ಬಲೆಯ ಗುರುತು. "ಪೂರಿ ಪಾ," ಎಂದಳು ಅಪ್ಪನಿಗೆ.

೫
ಸದಾನಂದ ಬಿಕ್ಕಿ ಬಿಕ್ಕಿ ಅತ್ತ, ಎಂದು ಬರೆದೆ.

"ಅದನ್ನು ತೆಗೀರಿ," ಎಂದ.

"ಅತ್ತದ್ದು ನಿಜ ಅಲ್ವಾ?"

"ನಿಜವೇ. ಆದ್ರೆ ಅವಳು ದೊಡ್ಡವಳಾಗಿ ಓದ್ತಾಳಲ್ಲ."

ನನ್ನ ಹತ್ತಿರ ಎರಡು ಮುಕ್ತಾಯಗಳಿದ್ದವು. ಒಂದರಲ್ಲಿ ಅವಳು ಕಾಲೇಜಿಗೆ ಹೋಗುತ್ತಾಳೆ. ಇನ್ನೊಂದನ್ನು ಅವನಿಗೆ ತೋರಿಸಿಲ್ಲ, ನಿಮಗೂ ತೋರಿಸುವುದಿಲ್ಲ. ರೇಡಿಯೇಷನ್ನೇ ಇನ್ನೂ ಇಪ್ಪತ್ತೊಂಬತ್ತು ದಿನ ಬಾಕಿ ಇರುವಾಗ ಮುಗಿಸಲು ನಾನ್ಯಾರು? ಮಾತು ತಪ್ಪಿಸಲು ಕೇಳಿದೆ:

"ಅವಳಿಗೆ ಕನ್ನಡ ಓದೋಕೆ ಬರೋದಿಲ್ವಲ್ಲ ಸದಾನಂದ್ರೇ?"

"ಕಲಿಸ್ತೇನೆ. ನೀವು ಬರೀತಾ ಇರಿ."